ಹೂ ಮೂರು ಸಲ ಬಲಕ್ಕೆ ಬಿತ್ತು, ಆಪರೇಷನ್ ಮುಂದಕ್ಕೆ ಹಾಕಬಹುದಾ?

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು, ಹೈಸ್ಕೂಲ್ ಟೀಚರ್. ಅಮ್ಮನಿಗೆ 58 ವರ್ಷ. ಎದೆಯಲ್ಲಿ ಗಂಟು ಕಾಣಿಸಿತು, ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಅಂತ ಬಂತು. ಇನ್ನೂ ಶುರುವಿನ ಹಂತ, ಬೇಗ ಆಪರೇಷನ್ ಮಾಡಿಸಿ ಅಂದರು ಡಾಕ್ಟರು. ಅಮ್ಮ ಊರಮ್ಮನ ಗುಡಿಯಲ್ಲಿ ಹೂ ಕೇಳಿಸಿದರು. "ಆಪರೇಷನ್ ಬೇಡ, ಒಂದು ಮಂಡಲ ವ್ರತ ಮಾಡಿದರೆ ಸಾಕು ಅನ್ನೋದಾದರೆ ಬಲಗಡೆ ಕೊಡು ತಾಯಿ" ಅಂತ. ಬಲಕ್ಕೇ ಬಿತ್ತು, ಮೂರು ಸಲ. ನಡುವೆ ಒಂದು ಸಲ ಎಡಕ್ಕೂ ಬಿತ್ತು, ಅದು ಬಾಗಿಲ ಗಾಳಿಗೆ ಅಂತ ಪೂಜಾರಪ್ಪ ಮತ್ತೆ ಇಟ್ಟರು. ಅದೂ ಅಲ್ಲದೆ ನಮ್ಮ ಬೀದಿಯ ಒಬ್ಬ ಆಂಟಿಗೆ ಎರಡು ವರ್ಷದ ಹಿಂದೆ ತಪಾಸಣೆ ಶಿಬಿರದಲ್ಲಿ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿ ಕ್ಯಾನ್ಸರ್ ಅಂದಿದ್ದರಂತೆ. ಇದೇ ಅಮ್ಮನವರ ತೀರ್ಥ 48 ದಿನ ತಗೊಂಡು ಆಸ್ಪತ್ರೆಗೆ ಹೋದರೆ ಏನೂ ಇಲ್ಲ ಅಂದರಂತೆ. ನನ್ನ ತಮ್ಮ ಇಂಜಿನಿಯರ್. ಅವನ ಲೆಕ್ಕ ಹೀಗೆ: ಹೂ ಮೂರು ಸಲ ಬಲಕ್ಕೆ ಬೀಳೋದು ಎಂಟಕ್ಕೊಂದು, ಕ್ಯಾನ್ಸರ್ ತಾನಾಗೇ ಹೋಗೋದು ಲಕ್ಷಕ್ಕೊಂದು, ಎರಡನ್ನೂ ಗುಣಿಸಿದರೆ ಎಂಟು ಲಕ್ಷಕ್ಕೊಂದು, ಅಂದಮೇಲೆ ಇದು ಆಕಸ್ಮಿಕ ಅಲ್ಲವೇ ಅಲ್ಲ. ಲೆಕ್ಕ ಎಲ್ಲೋ ತಪ್ಪಿದೆ ಅನಿಸುತ್ತೆ, ಎಲ್ಲಿ ಅಂತ ಗೊತ್ತಾಗುತ್ತಿಲ್ಲ. ಅಮ್ಮನ ನಂಬಿಕೆಗೆ ನೋವು ಮಾಡೋಕೂ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ:

ಮೊದಲು ತುರ್ತಿನ ಮಾತು. 48 ದಿನ ಕಾಯಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ಪತ್ರವನ್ನು ಅರ್ಧಕ್ಕೇ ಬಿಟ್ಟರೂ ಇದೊಂದು ಮಾತು ತಲೆಯಲ್ಲಿರಲಿ.

ನಾನು ಡಾಕ್ಟರ್ ಅಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಡಾಕ್ಟರುಗಳು ತರುವ ಅಂಕಿಗಳನ್ನು ನೋಡಿ "ಇದರಿಂದ ಇಷ್ಟು ಹೇಳಬಹುದು, ಇಷ್ಟು ಹೇಳೋಕಾಗಲ್ಲ" ಅನ್ನೋದೇ ನನ್ನ ಕೆಲಸವಾಗಿತ್ತು. ದೇವರಿದ್ದಾನೋ ಇಲ್ಲವೋ ಅನ್ನೋ ವಾದಕ್ಕೆ ನಾನು ಇಳಿಯಲ್ಲ. ನನ್ನ ಮಗನಿಗೆ ಟೈಫಾಯಿಡ್ ಜಾಸ್ತಿಯಾದಾಗ ಅರಿಸಿನ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಇಟ್ಟವನು ನಾನೇ. ಆಂಟಿಬಯಾಟಿಕ್ ಕೂಡ ಕೊಡಿಸುತ್ತಿದ್ದೆ ಅನ್ನಿ.

ನಿಮ್ಮ ಪತ್ರದಲ್ಲಿ ಮೂರು ಸಂಗತಿ ಒಂದಕ್ಕೊಂದು ಸುತ್ತಿಕೊಂಡಿವೆ. ಹೂವು, ಆಂಟಿ, ತಮ್ಮನ ಗುಣಾಕಾರ. ಒಂದೊಂದಾಗಿ ಬಿಡಿಸೋಣ.

ಹೂವಿನಿಂದ ಶುರು ಮಾಡುತ್ತೇನೆ. ಎಂಟಕ್ಕೊಂದು ಅನ್ನೋ ಲೆಕ್ಕ ಸರಿಯಾಗಬೇಕಾದರೆ ಮೂರೇ ಸಲ ಕೇಳಿರಬೇಕು, ಮೂರೂ ಸಲ ಬಲಕ್ಕೆ ಬಿದ್ದಿರಬೇಕು. ನೀವೇ ಬರೆದಿದ್ದೀರಿ, ನಡುವೆ ಒಂದು ಎಡಕ್ಕೆ ಬಿತ್ತು ಅಂತ. ಅಂದರೆ ಕೇಳಿದ್ದು ನಾಲ್ಕು ಸಲ. ನಾಲ್ಕರಲ್ಲಿ ಮೂರು ಅಥವಾ ನಾಲ್ಕೂ ಬಲಕ್ಕೆ ಬೀಳುವ ಸಾಧ್ಯತೆ 16ಕ್ಕೆ 5, ಹತ್ತಿರಹತ್ತಿರ ಮೂರಕ್ಕೊಂದು. ಎಂಟಕ್ಕೊಂದು ಇದ್ದದ್ದು ಮೂರಕ್ಕೊಂದಾಯಿತು. ಇನ್ನೂ ಒಂದಿದೆ. ಎಡಕ್ಕೆ ಬಿದ್ದದ್ದನ್ನೆಲ್ಲ ಗಾಳಿಯ ಲೆಕ್ಕಕ್ಕೆ ಹಾಕಿ ಮತ್ತೆ ಇಡುತ್ತಾ ಹೋದರೆ ಮೂರು ಬಲ ಬಂದೇ ಬರುತ್ತವೆ, ಸ್ವಲ್ಪ ಹೊತ್ತು ಹಿಡಿಯಬಹುದು ಅಷ್ಟೆ. ಬಲಕ್ಕೆ ಬಿದ್ದಾಗ ಗಾಳಿ ಇರಲಿಲ್ಲವಾ ಅಂತ ಯಾರೂ ಕೇಳಲಿಲ್ಲ, ಅಲ್ವಾ?

ಹೂ ಅಂಟಿಸೋದನ್ನು ಹತ್ತಿರ ನಿಂತು ನೋಡಿದ್ದೀರಾ? ನಾನು ನೋಡಿದ್ದೇನೆ. ಪೂಜಾರಿ ಹೂವಿನ ತೊಟ್ಟನ್ನು ನೀರಲ್ಲಿ ಅದ್ದಿ, ಕೆಲವು ಕಡೆ ಒಂಚೂರು ಗಂಧ ಸವರಿ, ವಿಗ್ರಹದ ಭುಜಕ್ಕೋ ಕಿರೀಟದ ಅಂಚಿಗೋ ಒತ್ತುತ್ತಾರೆ. ನೀರು ಆರುತ್ತಾ ಬಂದ ಹಾಗೆ ಹಿಡಿತ ಸಡಿಲವಾಗಿ ಹೂ ಜಾರುತ್ತೆ. ಯಾವುದು ಮೊದಲು ಜಾರುತ್ತೆ ಅನ್ನೋದು ಯಾವ ಕಡೆ ಎಷ್ಟು ಒತ್ತಿದರು, ಯಾವ ಹೂ ದಪ್ಪ, ದೀಪದ ಬಿಸಿ ಯಾವ ಕಡೆಗಿದೆ, ಕಲ್ಲಿನ ಮೈ ಎಲ್ಲಿ ನುಣುಪಾಗಿದೆ ಅನ್ನೋದರ ಮೇಲೆ ನಿಂತಿರುತ್ತೆ. ಬಲಗೈಯವರು ಎರಡೂ ಕಡೆ ಒಂದೇ ಸಮ ಒತ್ತೋದು ಕಷ್ಟ. ಹಾಗಾಗಿ ಅರ್ಧಕ್ಕರ್ಧ ಅನ್ನೋದೂ ಬರೀ ನಮ್ಮ ಊಹೆ. ಒಂದು ಗುಡಿಯಲ್ಲಿ ಹತ್ತಕ್ಕೆ ಏಳು ಸಲ ಬಲಕ್ಕೇ ಬೀಳುತ್ತಿರಬಹುದು. ಪೂಜಾರಪ್ಪ ಬೇಕಂತ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಅವರಿಗೇ ಗೊತ್ತಿಲ್ಲದೆ ಹಾಗಾಗಬಹುದು.

ಈಗ ಆಂಟಿ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಎಲ್ಲ ಎಡವೋದು ಇಲ್ಲೇ, ಎಂಬಿಬಿಎಸ್ ಹುಡುಗರೂ ಎಡವುತ್ತಾರೆ. ನಾನು ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುತ್ತಿದ್ದ ದುಂಡು ಅಂಕಿಗಳನ್ನೇ ಇಲ್ಲೂ ಕೊಡುತ್ತೇನೆ. ಯಾವ ತೊಂದರೆಯೂ ಇಲ್ಲದೆ ಶಿಬಿರಕ್ಕೆ ಬಂದ 1,000 ಹೆಂಗಸರು ಅಂತ ಇಟ್ಟುಕೊಳ್ಳಿ. ಅವರಲ್ಲಿ ನಿಜವಾಗಿ ಕ್ಯಾನ್ಸರ್ ಇರೋದು 10 ಜನಕ್ಕೆ. ಮ್ಯಾಮೊಗ್ರಾಂ ಆ ಹತ್ತರಲ್ಲಿ 9 ಜನರನ್ನು ಹಿಡಿಯುತ್ತೆ. ಉಳಿದ 990 ಜನಕ್ಕೆ ಏನೂ ಇಲ್ಲ. ಆದರೂ ನೂರಕ್ಕೆ ಒಂಬತ್ತು ಜನರ ಫೋಟೋದಲ್ಲಿ ಏನೋ ನೆರಳು ಕಂಡು "ಸಂಶಯ ಇದೆ, ಮುಂದೆ ತೋರಿಸಿ" ಅಂತ ಬರೆಯುತ್ತಾರೆ. 990ರಲ್ಲಿ ಒಂಬತ್ತು ಪರ್ಸೆಂಟ್ ಅಂದರೆ ಸುಮಾರು 89 ಜನ. ಒಟ್ಟು 98 ಜನರ ಕೈಗೆ ಸಂಶಯದ ಚೀಟಿ ಬಂತು. ಅವರಲ್ಲಿ ನಿಜವಾಗಿ ಕ್ಯಾನ್ಸರ್ ಇರುವವರು ಒಂಬತ್ತೇ ಜನ.

ಅಂದರೆ ಅಂಥ ಚೀಟಿ ಹಿಡಿದು ಅತ್ತುಕೊಂಡು ಮನೆಗೆ ಬಂದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಮುಂದಿನ ಪರೀಕ್ಷೆಯಲ್ಲಿ "ಏನೂ ಇಲ್ಲ" ಅಂತಲೇ ಬರುತ್ತೆ. ನಡುವಿನ ದಿನಗಳಲ್ಲಿ ಅವರು ತೀರ್ಥ ಕುಡಿದಿರಲಿ, ಮಜ್ಜಿಗೆ ಕುಡಿದಿರಲಿ. ಆ ಆಂಟಿ ಸುಳ್ಳು ಹೇಳುತ್ತಿಲ್ಲ. ಅವರಿಗೆ ಆದದ್ದು ನಿಜ, ಪಟ್ಟ ಭಯ ನಿಜ, ಸಂತೋಷವೂ ನಿಜ. ಆದರೆ ಅದು ಲಕ್ಷಕ್ಕೊಂದು ನಡೆಯುವ ಘಟನೆ ಅಲ್ಲ, ಹತ್ತಕ್ಕೆ ಒಂಬತ್ತು ನಡೆಯುವ ಘಟನೆ. ಅವರ ಫೈಲ್‌ನಲ್ಲಿ ಬಯಾಪ್ಸಿ ವರದಿ ಇದೆಯಾ ಅಂತ ಕೇಳಿ ನೋಡಿ. ನನ್ನ ಅನುಭವದಲ್ಲಿ ಇಂಥ ಕಥೆಗಳಲ್ಲಿ ಸಿಗದೇ ಹೋಗೋದು ಆ ಒಂದು ಹಾಳೆಯೇ.

ನಿಮ್ಮ ಅಮ್ಮನ ಕಥೆ ಬೇರೆ. ಅವರದು ಬಯಾಪ್ಸಿ ಆಗಿದೆ. ಸೂಜಿಯಲ್ಲಿ ಮಾಂಸದ ಚೂರು ತೆಗೆದು, ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಿ ಬರೆದದ್ದು. ಅದರಲ್ಲಿ ಸುಳ್ಳು ಎಚ್ಚರಿಕೆ ಬಹಳ ಅಪರೂಪ. ಆಂಟಿಯ ಚೀಟಿ, ಅಮ್ಮನ ಚೀಟಿ ಎರಡರ ಮೇಲೂ "ಕ್ಯಾನ್ಸರ್" ಅನ್ನೋ ಒಂದೇ ಪದ ಇರಬಹುದು. ಆದರೂ ಅಲ್ಲಿ ನಡೆದದ್ದು ಇಲ್ಲೂ ನಡೆಯುತ್ತೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ.

ತಮ್ಮನ ಗುಣಾಕಾರಕ್ಕೆ ಬರೋಣ. ಅವನು ಇಂಜಿನಿಯರ್ ಅಂದಿರಿ, ಬೇಜಾರು ಮಾಡಿಕೊಳ್ಳಲ್ಲ ಅಂದುಕೊಂಡಿದ್ದೇನೆ. ಅವನು ಎರಡು ತಪ್ಪು ಮಾಡಿದ್ದಾನೆ. ಮೊದಲನೆಯದು, ಅಮ್ಮನ ಹೂವನ್ನೂ ಬೇರೆಯವರ ಮನೆಯ ಹಳೇ ಕಥೆಯನ್ನೂ ತಂದು ಗುಣಿಸಿದ್ದು. ಆ ಬೀದಿಯಲ್ಲಿ ವರ್ಷವಿಡೀ ನಡೆದದ್ದರಲ್ಲಿ ತನಗೆ ಬೇಕಾದ ಎರಡನ್ನು ಆರಿಸಿ ಗುಣಿಸಿದರೆ ಎಂಟು ಲಕ್ಷ ಏನು, ಎಂಟು ಕೋಟಿ ಬೇಕಾದರೂ ತೋರಿಸಬಹುದು. ಎರಡನೇ ತಪ್ಪು ದೊಡ್ಡದು. ನ್ಯಾಯಾಲಯಗಳಲ್ಲಿ ಜನರನ್ನು ಸುಮ್ನೆ ಜೈಲಿಗೆ ಕಳಿಸಿದ ತಪ್ಪು ಅದು. "ದೇವಿಯ ಕೈವಾಡ ಇಲ್ಲದೆ ಹೀಗಾಗೋದು ಎಂಟು ಲಕ್ಷಕ್ಕೊಂದು, ಆದ್ದರಿಂದ ದೇವಿಯ ಕೈವಾಡ ಇಲ್ಲದಿರುವ ಸಾಧ್ಯತೆಯೂ ಎಂಟು ಲಕ್ಷಕ್ಕೊಂದು" ಅಂತ ತಿರುಗಿಸಿಬಿಟ್ಟ. ಹಾಗೆ ತಿರುಗಿಸೋಕೆ ಬರಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗೋದು ಗ್ಯಾರಂಟಿ. ಬೆಳಗ್ಗೆ ಎದ್ದಾಗ ಅಂಗಳ ಒದ್ದೆ ಇದೆ ಅಂದರೆ ರಾತ್ರಿ ಮಳೆ ಬಂತು ಅಂತ ಗ್ಯಾರಂಟಿಯಾ? ನಮ್ಮ ಊರಲ್ಲಿ ಬೆಳಗ್ಗೆ ಆರಕ್ಕೆಲ್ಲ ನೀರು ಹಾಕಿ ರಂಗೋಲಿ ಬಿಟ್ಟಾಗಿರುತ್ತೆ.

ಅಪರೂಪ ಅಂದಮಾತ್ರಕ್ಕೆ ಪವಾಡ ಆಗಲ್ಲ ಅನ್ನೋದಕ್ಕೆ ಪಕ್ಕದ ರಾಜ್ಯದ ಉದಾಹರಣೆ ಇದೆ. 2024ರಲ್ಲಿ ಕೇರಳದ ಓಣಂ ಬಂಪರ್ ಲಾಟರಿಯ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಯ ಒಬ್ಬರಿಗೆ ಹೊಡೆಯಿತು. ಆ ಸಲ ಎಪ್ಪತ್ತು ಲಕ್ಷಕ್ಕೂ ಜಾಸ್ತಿ ಟಿಕೆಟ್ ಮಾರಾಟವಾಗಿತ್ತು. ಅವರ ಕಡೆಯಿಂದ ನೋಡಿದರೆ ಎಪ್ಪತ್ತು ಲಕ್ಷಕ್ಕೊಂದು ಸಾಧ್ಯತೆ. ಕೌಂಟರಿನ ಆ ಕಡೆ ಕೂತು ನೋಡಿದರೆ ಬಹುಮಾನ ಯಾರಿಗೋ ಒಬ್ಬರಿಗೆ ಹೊಡೆಯಲೇಬೇಕು, ಅದರಲ್ಲೇನೂ ಆಶ್ಚರ್ಯವಿಲ್ಲ. ಪವಾಡದ ಮಾತು ಬಂದಾಗ ನಾವೆಲ್ಲ ಗೆದ್ದವರ ಪಕ್ಕದಲ್ಲಿ ನಿಂತು ನೋಡುತ್ತೇವೆ, ಮಾರಾಟವಾದ ಟಿಕೆಟ್ ಎಷ್ಟು ಅಂತ ಎಣಿಸಲ್ಲ.

ಎಣಿಸೋಣ ಬನ್ನಿ. ಕ್ಯಾನ್ಸರ್ ಚಿಕಿತ್ಸೆ ಇಲ್ಲದೆ ತಾನಾಗೇ ಕರಗೋದು ನಿಜಕ್ಕೂ ಉಂಟು. ವೈದ್ಯಕೀಯ ಬರಹಗಳಲ್ಲಿ 60 ಸಾವಿರಕ್ಕೋ ಒಂದು ಲಕ್ಷಕ್ಕೋ ಒಂದು ಅನ್ನೋ ಒರಟು ಅಂದಾಜು ಬಹಳ ಕಾಲದಿಂದ ಓಡಾಡುತ್ತಿದೆ. ನಿಮ್ಮ ತಮ್ಮ ಲಕ್ಷಕ್ಕೊಂದು ಅಂದದ್ದೂ ಅಲ್ಲಿಂದಲೇ ಇರಬೇಕು. ಭಾರತದಲ್ಲಿ ವರ್ಷಕ್ಕೆ ಹೊಸದಾಗಿ ಕ್ಯಾನ್ಸರ್ ಕಾಣಿಸಿಕೊಳ್ಳೋದು ಸುಮಾರು 14 ಲಕ್ಷ ಜನರಿಗೆ. ಲಕ್ಷಕ್ಕೊಂದು ಅಂತ ಹಿಡಿದರೂ ವರ್ಷಕ್ಕೆ ಸುಮಾರು 14 ಮನೆಗಳಲ್ಲಿ ಇದು ನಡೆಯಬೇಕು, ಯಾರ ಹರಕೆಯೂ ಇಲ್ಲದೆ. ಆದರೆ ನಮ್ಮ ದೇಶದಲ್ಲಿ ಮನೆಯವರಿಗೆ ಕ್ಯಾನ್ಸರ್ ಅಂದಾಗ ಯಾವ ಹರಕೆಯೂ ಹೊರದ ಮನೆ ಎಷ್ಟಿದೆ ಹೇಳಿ? ಒಬ್ಬರು ಧರ್ಮಸ್ಥಳಕ್ಕೆ, ಒಬ್ಬರು ದರ್ಗಾಕ್ಕೆ, ಒಬ್ಬರು ವೇಲಾಂಕಣಿಗೆ. ಅತ್ತೆ ಒಂದು ದೇವರಿಗೆ, ಸೊಸೆ ಇನ್ನೊಂದಕ್ಕೆ. ಹೀಗಾಗಿ ಗುಣವಾದ ಆ ಹದಿನಾಲ್ಕೂ ಜನರ ಹಿಂದೆ ಯಾವುದಾದರೂ ದೇವರು ಇದ್ದೇ ಇರುತ್ತೆ. ಗುಣವಾಗದವರ ಹಿಂದೆಯೂ ಅಷ್ಟೇ ದೇವರುಗಳಿದ್ದವು. ಆ ಲೆಕ್ಕ ಯಾರೂ ಇಡಲಿಲ್ಲ. ನನ್ನ ಪ್ರಕಾರ ಇಡೀ ವಿಷಯ ನಿಂತಿರೋದು ಇಲ್ಲೇ. ಹರಕೆ ಹೊತ್ತು ಗುಣವಾದವರು ಎಷ್ಟು ಅಂತ ಕೇಳಿದರೆ ಸಾಲದು, ಹರಕೆ ಹೊತ್ತೂ ಗುಣವಾಗದವರು ಎಷ್ಟು ಅಂತಲೂ ಕೇಳಬೇಕು.

ದೊಡ್ಡ ದೇವಸ್ಥಾನಗಳ ಮುಂದಿನ ಅಂಗಡಿಗಳಲ್ಲಿ ತೆಳ್ಳನೆ ಬೆಳ್ಳಿ ತಗಡಿನ ಕಣ್ಣು, ಕೈ, ಕಾಲು ಮಾರುತ್ತಾರಲ್ಲ, ಬೆರಳಲ್ಲಿ ಒತ್ತಿದರೆ ಬಾಗುವಂಥವು. ಕಣ್ಣು ಸರಿಹೋದವರು ಕಣ್ಣು ಒಪ್ಪಿಸುತ್ತಾರೆ. ಸರಿಹೋಗದವರು ಏನು ಒಪ್ಪಿಸಬೇಕು? ಅವರದೊಂದು ಹುಂಡಿ ಇಲ್ಲ. ಇದು ಹೊಸ ಮಾತೇನಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೊ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಸಮುದ್ರದ ಬಿರುಗಾಳಿಯಲ್ಲಿ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ಗುಡಿಯಲ್ಲಿ ತೂಗುಹಾಕಿದ್ದನ್ನು ಗ್ರೀಸಿನ ಡಯಾಗೊರಾಸ್ ಎಂಬುವವನಿಗೆ ತೋರಿಸಿದಾಗ, ಮುಳುಗಿದವರ ಚಿತ್ರ ಎಲ್ಲೂ ಇಲ್ಲವಲ್ಲ ಅಂದನಂತೆ.

"ಒಬ್ಬಿಬ್ಬರಲ್ಲ, ಊರಿಗೆ ಊರೇ ಹೇಳುತ್ತೆ" ಅಂತ ನಿಮ್ಮ ಮನೆಯಲ್ಲೂ ಯಾರಾದರೂ ಅಂದೇ ಅನ್ನುತ್ತಾರೆ. 1995ರ ಸೆಪ್ಟೆಂಬರ್ 21 ನೆನಪಿದೆಯಾ? ನೀವು ಚಿಕ್ಕವರಿರಬಹುದು. ಅವತ್ತು ಬೆಳಗ್ಗೆ ದೆಹಲಿಯಲ್ಲಿ ಗಣೇಶ ಹಾಲು ಕುಡಿದ ಅನ್ನೋ ಸುದ್ದಿ ಸಂಜೆಯೊಳಗೆ ದೇಶವಿದೇಶ ಎಲ್ಲ ಹಬ್ಬಿತ್ತು. ನಮ್ಮಮ್ಮನ ಜೊತೆ ನಾನೂ ಸಾಲಲ್ಲಿ ನಿಂತೆ. ನನ್ನ ಕಣ್ಣೆದುರೇ ಚಮಚದ ಹಾಲು ಸೊಂಡಿಲಿಗೆ ತಾಗಿದ ತಕ್ಷಣ ಇಳಿಯಿತು, ಸುಳ್ಳಲ್ಲ. ಕೆಳಗೆ ನೋಡಿದರೆ ವಿಗ್ರಹದ ಹೊಟ್ಟೆ ಮೇಲೆ, ಪೀಠದ ಮೇಲೆ ಬಿಳೀ ತೆಳುಪದರ ಹರಿಯುತ್ತಿತ್ತು. ಕೇಂದ್ರ ಸರ್ಕಾರದ ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲು ಹಿಡಿದು ಅದು ಹೇಗೆ ಮೈಮೇಲೆ ಜಾರಿ ಹೋಗುತ್ತೆ ಅಂತ ತೋರಿಸಿದರು. ಚಮಚ ಓರೆಯಾಗಿ ಹಾಲಿನ ಅಂಚು ಒದ್ದೆ ಕಲ್ಲಿಗೆ ತಾಗಿದರೆ ಮೇಲ್ಮೈ ಎಳೆತಕ್ಕೆ ಹಾಲು ಆ ಕಡೆ ಹೋಗುತ್ತೆ, ಅಷ್ಟೆ. ಲಕ್ಷಾಂತರ ಜನ ನೋಡಿದ್ದರು ನಿಜ. ಆದರೆ ಅವರು ಲಕ್ಷ ಬೇರೆ ಬೇರೆ ಸಾಕ್ಷಿಗಳಲ್ಲ. ಎಲ್ಲರೂ ಒಂದೇ ಸುದ್ದಿ ಕೇಳಿ, ಒಂದೇ ಥರ ಚಮಚ ಹಿಡಿದು, ಒಂದೇ ಜಾಗದಲ್ಲಿ ಎಡವಿದವರು. ಸಂಭವನೀಯತೆಯ ಲೆಕ್ಕದಲ್ಲಿ ಸಾಕ್ಷಿಗಳನ್ನು ಗುಣಿಸಬೇಕಾದರೆ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ನಂಟಿರಬಾರದು. ನಿಮ್ಮ ಬೀದಿಯಲ್ಲಿ ಆಂಟಿಯ ಕಥೆ ಹೇಳುವ ಇಪ್ಪತ್ತು ಜನರಿಗೂ ಕಥೆ ಸಿಕ್ಕಿದ್ದು ಒಂದೇ ಬಾಯಿಂದ ಅಲ್ವಾ?

ಇಲ್ಲಿ ನಂಬುವವರ ಪರವಾಗಿಯೂ ಒಂದು ಮಾತು ಹೇಳಬೇಕು. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ವಾದ ಮಾಡಿದ್ದು ಹೀಗೆ: ಪವಾಡ ನಡೆದಿರುವುದಕ್ಕಿಂತ ಹೇಳುವವರು ತಪ್ಪಿರುವುದೇ ಯಾವಾಗಲೂ ಹೆಚ್ಚು ಸಂಭವ. ಇದಕ್ಕೆ ಉತ್ತರ ಕೊಟ್ಟವರು ರಿಚರ್ಡ್ ಪ್ರೈಸ್ ಅನ್ನೋ ಪಾದ್ರಿ. ಇವರ ಸ್ನೇಹಿತ ಥಾಮಸ್ ಬೇಸ್, ಅವರೂ ಪಾದ್ರಿಯೇ. ಬೇಸ್ ತೀರಿಕೊಂಡ ಮೇಲೆ ಅವರ ಲೆಕ್ಕದ ಹಾಳೆಗಳನ್ನು 1763ರಲ್ಲಿ ಅಚ್ಚು ಹಾಕಿಸಿದವರು ಪ್ರೈಸ್. ಹೊಸ ಸಾಕ್ಷಿ ಸಿಕ್ಕಾಗ ನಮ್ಮ ಅಂದಾಜನ್ನು ಎಷ್ಟು ಬದಲಿಸಬೇಕು ಅಂತ ಹೇಳುವ, ಇವತ್ತು ನಾವು ದಿನಾ ಬಳಸುವ ಬೇಸ್ ಸೂತ್ರ ಬಂದದ್ದು ಅಲ್ಲಿಂದ. ತಮಾಷೆ ನೋಡಿ, ಪವಾಡಗಳನ್ನು ಜರಡಿ ಹಿಡಿಯುವ ಸೂತ್ರವನ್ನು ಶುರುವಿನಲ್ಲೇ ಪವಾಡದ ಪರ ವಾದ ಮಾಡೋಕೂ ಎತ್ತಿಕೊಂಡಿದ್ದರು! ಪ್ರೈಸ್ ಹೇಳಿದ್ದರಲ್ಲಿ ಹುರುಳಿತ್ತು. ಲಾಟರಿಯ ಇಂಥ ನಂಬರಿಗೆ ಬಹುಮಾನ ಬಂತು ಅಂತ ಪೇಪರಿನಲ್ಲಿ ಓದಿದರೆ, ಲಕ್ಷಾಂತರಕ್ಕೊಂದು ಸಾಧ್ಯತೆಯ ಮಾತಾದರೂ ನಂಬುತ್ತೇವಲ್ಲ? ಅಪರೂಪದ ಘಟನೆಯನ್ನು ಬರೀ ಮಾತಿನ ಮೇಲೆ ನಂಬೋದು ತಪ್ಪಲ್ಲ.

ಹಾಗಾದರೆ ಆಂಟಿಯ ಮಾತನ್ನು ಯಾಕೆ ನಂಬಬಾರದು? ನಾನು ತರಗತಿಯಲ್ಲಿ ಹೀಗೆ ಹೇಳುತ್ತಿದ್ದೆ. ಪೇಪರಿನವರು ನಂಬರ್ ತಪ್ಪು ಹಾಕಿದರೆ ಆ ತಪ್ಪು ಲಕ್ಷಾಂತರ ನಂಬರುಗಳಲ್ಲಿ ಯಾವುದರ ಕಡೆಗಾದರೂ ಹೋಗಬಹುದು, ಸರಿಯಾಗಿ ಈ ನಂಬರಿನ ಕಡೆಗೇ ಬರೋಕೆ ಕಾರಣವಿಲ್ಲ. ಪವಾಡದ ಕಥೆಯಲ್ಲಿ ತಪ್ಪು ನುಸುಳಿದರೆ ಅದು ಹೋಗೋದು ಒಂದೇ ದಿಕ್ಕಿಗೆ. "ಸಂಶಯ ಇದೆ" ಅಂದದ್ದು ನಾಲ್ಕು ಬಾಯಿ ದಾಟುವಷ್ಟರಲ್ಲಿ "ಕ್ಯಾನ್ಸರ್ ಅಂದಿದ್ದರು" ಆಗುತ್ತೆ. "ಇನ್ನೂ ಆರು ತಿಂಗಳು ಬಿಟ್ಟು ತೋರಿಸಿ" ಅಂದದ್ದು "ಡಾಕ್ಟರೇ ಬೆರಗಾದರು" ಆಗುತ್ತೆ. ಯಾರೂ ಬೇಕಂತ ಸುಳ್ಳು ಹೇಳಿರಲ್ಲ. ಕಥೆ ಚೆನ್ನಾಗಿರುವ ಕಡೆಗೇ ನಾಲಿಗೆ ಹೊರಳುತ್ತೆ.

ಇದೆಲ್ಲ ಲೆಕ್ಕದಿಂದ ಪವಾಡ ಇಲ್ಲವೇ ಇಲ್ಲ ಅಂತ ಸಾಧಿಸೋಕಾಗುತ್ತಾ? ಆಗಲ್ಲ. ಸಾಧಿಸೋಕಾಗೋದು ಇಷ್ಟೇ, ನೀವು ಹೇಳಿದ ಈ ಎರಡು ಘಟನೆಗಳಿಗೆ ಪವಾಡದ ಅಗತ್ಯವಿಲ್ಲ. ಪವಾಡವನ್ನು ನಂಬುವವರೇ ಹೇಗೆ ಜರಡಿ ಹಿಡಿಯುತ್ತಾರೆ ಅಂತ ಫ್ರಾನ್ಸಿನ ಲೂರ್ದ್‌ನಲ್ಲಿ ನೋಡಬೇಕು. 1858ರಲ್ಲಿ ಒಬ್ಬ ಹುಡುಗಿಗೆ ಮೇರಿ ಮಾತೆ ಕಾಣಿಸಿಕೊಂಡರು ಅಂತ ನಂಬುವ ಊರು. ವರ್ಷಕ್ಕೆ ಲಕ್ಷಗಟ್ಟಲೆ ಜನ ಅಲ್ಲಿಗೆ ಹೋಗುತ್ತಾರೆ, ಅವರಲ್ಲಿ ಕಾಯಿಲೆ ಹೊತ್ತುಕೊಂಡು ಹೋಗುವವರೂ ಬಹಳ. 1883ರಿಂದ ಅಲ್ಲಿ ಡಾಕ್ಟರುಗಳದೇ ಒಂದು ಕಚೇರಿ ಇದೆ. ಗುಣವಾಯಿತು ಅಂತ ಏಳು ಸಾವಿರಕ್ಕೂ ಜಾಸ್ತಿ ಜನ ಬರೆಸಿದ್ದಾರೆ. ಹಳೇ ವರದಿ ಎಲ್ಲಿ, ಬೇರೆ ಚಿಕಿತ್ಸೆ ಆಗಿತ್ತಾ, ವರ್ಷಗಳಾದ ಮೇಲೂ ಕಾಯಿಲೆ ಮರಳಿಲ್ಲವಾ ಅಂತೆಲ್ಲ ಕೇಳಿ ಕೇಳಿ, 2018ರವರೆಗೆ ಚರ್ಚ್ ಪವಾಡ ಅಂತ ಒಪ್ಪಿದ್ದು 70. ನೂರಕ್ಕೆ ಒಂದೂ ಇಲ್ಲ. ಆ ಎಪ್ಪತ್ತನ್ನು ನೀವು ಒಪ್ಪಿ, ಬಿಡಿ. ಆದರೆ ಆ ಕಚೇರಿ ಮುಂದೆ ನಿಮ್ಮ ಬೀದಿಯ ಆಂಟಿಯ ಫೈಲ್ ಇಟ್ಟರೆ ಮೊದಲ ದಿನವೇ ವಾಪಸ್ ಬರುತ್ತೆ.

ಹಾಗಾದರೆ ಪ್ರಾರ್ಥನೆಯಿಂದ ಉಪಯೋಗ ಇಲ್ಲವಾ ಅಂತ ಅಮ್ಮ ಕೇಳಬಹುದು. ಅಮೆರಿಕದಲ್ಲಿ 1,802 ಬೈಪಾಸ್ ಆಪರೇಷನ್ ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದ್ದರು, 2006ರಲ್ಲಿ ಫಲಿತಾಂಶ ಬಂತು. ಯಾರೋ ದೂರದಿಂದ ಪ್ರಾರ್ಥನೆ ಮಾಡಿದ ಗುಂಪಿನಲ್ಲಿ 52 ಪರ್ಸೆಂಟ್ ಜನರಿಗೆ ತೊಡಕಾಯಿತು, ಮಾಡದ ಗುಂಪಿನಲ್ಲಿ 51. ಈ ಎರಡೂ ಗುಂಪಿನವರಿಗೆ ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿರಲಿಲ್ಲ. "ನಿಮಗಾಗಿ ಪ್ರಾರ್ಥನೆ ನಡೆಯುತ್ತಿದೆ" ಅಂತ ಮೊದಲೇ ಹೇಳಿದ್ದ ಗುಂಪಿನಲ್ಲಿ 59. ನನ್ನ ಪರಿಸ್ಥಿತಿ ಅಷ್ಟು ಕೆಟ್ಟಿದೆಯಾ ಅಂತ ಗಾಬರಿಯಾದರೋ ಏನೋ. ದೂರದ ಅಪರಿಚಿತರ ಪ್ರಾರ್ಥನೆ ತೊಡಕು ಕಮ್ಮಿ ಮಾಡಲಿಲ್ಲ ಅನ್ನೋದಷ್ಟೇ ಇದರಿಂದ ಗೊತ್ತಾಗೋದು. ಅಮ್ಮ ತಾನೇ ಕೂತು ದೀಪ ಹಚ್ಚಿದರೆ ಸಿಗುವ ಸಮಾಧಾನವನ್ನು ಇದು ಅಳೆಯಲಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಮಂಡಲ ಮುಗಿಯುವ ತನಕ ಕಾಯೋದು. 2020ರಲ್ಲಿ ಬಿಎಂಜೆ ಅನ್ನೋ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ಕ್ಯಾನ್ಸರುಗಳ ದೊಡ್ಡ ವಿಶ್ಲೇಷಣೆ ಬಂತು. ಆಪರೇಷನ್ ಪ್ರತಿ ನಾಲ್ಕು ವಾರ ತಡವಾದಾಗ ಸಾವಿನ ಅಪಾಯ 6ರಿಂದ 8 ಪರ್ಸೆಂಟ್ ಏರುತ್ತೆ ಅಂತ. ಇದು ಇದ್ದ ಅಪಾಯದ ಮೇಲಿನ ಏರಿಕೆ, ಗಾಬರಿಯಾಗಬೇಡಿ. ನೂರು ಜನರಲ್ಲಿ ಹತ್ತು ಸಾವು ಇರುವ ಕಡೆ ಹತ್ತೂ ಮುಕ್ಕಾಲು ಆಗುತ್ತೆ. 48 ದಿನ ಅಂದರೆ ಸುಮಾರು ಏಳು ವಾರ. ಆದರೆ ನನ್ನ ಹೆದರಿಕೆ ಆ ಏಳು ವಾರದ್ದಲ್ಲ, ಅದರ ಮುಂದಿನದು. ಮಂಡಲ ಮುಗಿದ ದಿನ ಗಂಟು ಹಾಗೇ ಇದ್ದರೆ "ವ್ರತದಲ್ಲಿ ಎಲ್ಲೋ ಲೋಪ ಆಯಿತು, ಇನ್ನೊಂದು ಮಂಡಲ" ಅನ್ನುತ್ತಾರೆ. ಇಂಥ ಫೈಲುಗಳನ್ನು ನಾನು ಎಷ್ಟು ನೋಡಿದ್ದೇನೆ ಅಂದರೆ, ಮೊದಲ ಪುಟದಲ್ಲಿ ಎರಡು ಸೆಂಟಿಮೀಟರ್ ಅಂತ ಇರುತ್ತೆ, ಎರಡನೇ ಪುಟದ ತಾರೀಕು ಒಂದು ವರ್ಷ ಬಿಟ್ಟು ಇರುತ್ತೆ. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಬದಲಿ ಪದ್ಧತಿ ಹಿಡಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಮೀರಿ ಇತ್ತು ಅಂತ ಅಮೆರಿಕದ 2018ರ ಒಂದು ಅಧ್ಯಯನ ಹೇಳುತ್ತೆ. ಈ ದಾರಿ ಬೇಡ.

ಎರಡನೇ ಅಭಿಪ್ರಾಯ ಕೇಳೋದು. ಇದು ಒಳ್ಳೆಯದೇ, ಅಮ್ಮನಿಗೂ ಒಪ್ಪಿಗೆಯಾಗಬಹುದು. ಬೆಂಗಳೂರಿನ ಕಿದ್ವಾಯಿ ಥರದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಬಯಾಪ್ಸಿ ಸ್ಲೈಡು, ವರದಿ ಎರಡನ್ನೂ ತಗೊಂಡು ಹೋಗಿ. ಬರೀ ವರದಿಯಲ್ಲ, ಸ್ಲೈಡೂ ಬೇಕು, ಕೇಳಿ ಪಡೆಯಿರಿ. ಒಂದೆರಡು ವಾರ ಹಿಡಿದರೆ ದೊಡ್ಡ ನಷ್ಟವಿಲ್ಲ. ಇಲ್ಲಿರುವ ಅಪಾಯ ಒಂದೇ, ಮೂರನೇ ಅಭಿಪ್ರಾಯ, ನಾಲ್ಕನೇ ಅಭಿಪ್ರಾಯ ಅಂತ ಎಳೆಯುತ್ತಾ ಹೋಗೋದು.

ಮತ್ತೆ ಹೂ ಕೇಳಿಸೋದು, ಈ ಸಲ "ಆಪರೇಷನ್ ಮಾಡಿಸಲಾ" ಅಂತ. ಕೆಲವರು ಪೂಜಾರಪ್ಪನಿಗೆ ಮೊದಲೇ ಹೇಳಿ ಬಲಕ್ಕೆ ಬೀಳಿಸಿಕೊಳ್ಳುತ್ತಾರೆ. ನನಗೆ ಇದು ಇಷ್ಟವಿಲ್ಲ. ನ್ಯಾಯವಾಗಿ ಕೇಳಿಸಿ ಎಡಕ್ಕೆ ಬಿದ್ದರೆ ಏನು ಮಾಡುತ್ತೀರಿ? ಮೋಸದಿಂದ ಬಲಕ್ಕೆ ಬೀಳಿಸಿ ಅದು ಅಮ್ಮನಿಗೆ ಗೊತ್ತಾದರೆ ಕೀಮೋ ಕೊಡಿಸುವ ಹೊತ್ತಿಗೆ ನಿಮ್ಮ ಮಾತಿಗೆ ಬೆಲೆ ಇರಲ್ಲ. ಅದರ ಬದಲು ಪೂಜಾರಪ್ಪನ ಹತ್ತಿರ ನೀವೊಬ್ಬರೇ ಹೋಗಿ ಬಯಾಪ್ಸಿ ವರದಿ ತೋರಿಸಿ, "ನಿಮ್ಮ ಮನೆಯವರಿಗೆ ಹೀಗಾಗಿದ್ದರೆ ಏನು ಮಾಡುತ್ತಿದ್ದಿರಿ" ಅಂತ ಕೇಳಿ. "ಆಸ್ಪತ್ರೆಗೂ ಹೋಗವ್ವ, ತಾಯಿ ಅಲ್ಲೂ ಇರುತ್ತಾಳೆ" ಅಂದ ಪೂಜಾರಿಗಳನ್ನು ನಾನೇ ಕಂಡಿದ್ದೇನೆ. ಅವರ ಬಾಯಿಂದ ಬಂದ ಆ ಒಂದು ಮಾತು ನನ್ನ ಇಷ್ಟುದ್ದದ ಲೆಕ್ಕಕ್ಕಿಂತ ಕೆಲಸ ಮಾಡುತ್ತೆ.

ವ್ರತ, ಆಪರೇಷನ್ ಎರಡೂ. ನಾನು ಹೇಳೋದು ಇದನ್ನೇ. ಆದರೆ ವ್ರತದ ವಿವರ ಸರ್ಜನ್‌ಗೆ ಬಾಯಿಬಿಟ್ಟು ಹೇಳಬೇಕು. ಒಪ್ಪತ್ತು ಊಟ ಮಾಡಿ ಸೊರಗಿದರೆ ಗಾಯ ಮಾಯೋದು ನಿಧಾನ. ಆಪರೇಷನ್ ಆದ ಮೇಲೆ ಗಾಯದ ನೀರು ಹೊರಗೆ ಹೋಗೋಕೆ ಡ್ರೈನ್ ಪೈಪು ಹಾಕಿದ್ದರೆ ಬೆಳಗಿನ ಜಾವದ ತಲೆಸ್ನಾನ ಆಗಲ್ಲ. ಕಷಾಯ, ಚೂರ್ಣ ಏನಾದರೂ ಕೊಟ್ಟಿದ್ದರೆ ಪೊಟ್ಟಣ ಸಮೇತ ಅರಿವಳಿಕೆ ಡಾಕ್ಟರಿಗೆ ತೋರಿಸಿ, ಕೆಲವು ಗಿಡಮೂಲಿಕೆಗಳು ರಕ್ತ ಹೆಪ್ಪುಗಟ್ಟೋದನ್ನು ತಡೆಯುತ್ತವೆ. ಹೂ, ಕುಂಕುಮ, ದೀಪ, ತಾಯಿತ, ಇವುಗಳಿಂದ ಯಾವ ತೊಂದರೆಯೂ ಇಲ್ಲ. ತಾಯಿತ ಮಾತ್ರ ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆ ಬಿಚ್ಚಿಸುತ್ತಾರೆ, ಆಗ ಅಮ್ಮ ಗಾಬರಿಯಾಗದ ಹಾಗೆ ಮೊದಲೇ ಹೇಳಿಟ್ಟಿರಿ, "ನಾನು ಅದನ್ನು ಕೈಯಲ್ಲಿ ಹಿಡಿದು ಹೊರಗೆ ಕೂತಿರುತ್ತೇನೆ" ಅನ್ನಿ.

ಕೊನೆಗೆ ಒಂದು ಮಾತು ಕೇಳುತ್ತೇನೆ. ಹೂ ಕೇಳಿಸುವ ಮೊದಲೇ ಅಮ್ಮನಿಗೆ ಆಪರೇಷನ್ ಬೇಡ ಅಂತ ಇತ್ತಾ? ಪ್ರಶ್ನೆಯನ್ನು ಅವರು ಇಟ್ಟಿರುವ ರೀತಿ ನೋಡಿದರೆ ನನಗೆ ಹಾಗನಿಸುತ್ತೆ. "ಮಾಡಿಸಲಾ" ಅಂತ ಕೇಳಿಲ್ಲ, "ಬೇಡ ಅನ್ನೋದಾದರೆ ಬಲಗಡೆ ಕೊಡು" ಅಂದಿದ್ದಾರೆ. ಯಾತರ ಭಯ ಅಂತ ಕೂತು ಕೇಳಿ. ಖರ್ಚಿನದಾ, ಅರಿವಳಿಕೆಯದಾ, ಇಡೀ ಸ್ತನ ತೆಗೆದುಬಿಡುತ್ತಾರೆ ಅಂತಲಾ? ಶುರುವಿನ ಹಂತದಲ್ಲಿ ಎಷ್ಟೋ ಜನರಿಗೆ ಗಂಟು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಡುತ್ತಾರೆ. ಹಾಗೆ ಮಾಡಿಸಿಕೊಂಡವರನ್ನೂ ಪೂರ್ತಿ ತೆಗೆಸಿಕೊಂಡವರನ್ನೂ 20 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನಗಳು 2002ರಲ್ಲಿ ಬಂದವು, ಬದುಕಿ ಉಳಿಯೋದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮ್ಮನಿಗೆ ಅದು ಆಗುತ್ತಾ ಅಂತ ಡಾಕ್ಟರನ್ನು ಕೇಳಿ, ಅಮ್ಮನ ಎದುರಲ್ಲೇ ಕೇಳಿ.

ಎಡಕ್ಕೆ ಬಿದ್ದ ಆ ಒಂದು ಹೂವಿನ ವಿಷಯ ತಮ್ಮನಿಗೆ ಹೇಳಿ, 16ಕ್ಕೆ 5 ಹೇಗೆ ಅಂತ ಅವನೇ ಬಿಡಿಸಿಕೊಳ್ಳಲಿ. ಅಮ್ಮನಿಗೆ ಹೇಳೋದು ಬೇಡ.